ಪರೀಕ್ಷಕನನ್ನು ಪರೀಕ್ಷಿಸುವ ಧರ್ಮ

ಗೋಕಾಕದಲ್ಲಿ ಕರದಂಟು ಕೊಳ್ಳಲು ಬಂದ ಗಿರಾಕಿಯು ತೂಕ ಹಾಕಿಸುವ ಮೊದಲು ಒಂದು ತುಣುಕನ್ನು ಬಾಯಿಗಿಟ್ಟು ನೋಡುತ್ತಾನೆ. ಬೆಲ್ಲದ ಪಾಕ ಹದವಾಗಿದೆಯೆ, ಅಂಟು ಚೆನ್ನಾಗಿ ಅರಳಿದೆಯೆ, ಕೊಬ್ಬರಿ ಹಳತಾಗಿದೆಯೆ ಎಂಬುದನ್ನು ತಿಳಿಯಲು ಅವನಿಗೆ ಮತ್ತೊಬ್ಬರ ಸಾಕ್ಷ್ಯ ಬೇಕಿಲ್ಲ. ಅಂಗಡಿಯ ಫಲಕ ಎಷ್ಟೇ ದೊಡ್ಡದಿರಲಿ, ನಿರ್ಣಯ ನಾಲಗೆಯದು. ಹುಕ್ಕೇರಿ, ಸಂಕೇಶ್ವರಗಳ ಸಂತೆಯಲ್ಲಿ ಮೆಣಸಿನಕಾಯಿಯನ್ನು ಮುರಿದು ಮೂಸಿ ನೋಡುವ ಗೃಹಿಣಿಗೂ, ಮೂಡಲಗಿಯ ಕಡೆ ಎತ್ತಿನ ಹಲ್ಲು ಎಣಿಸಿ ವ್ಯವಹಾರಕ್ಕೆ ಕೂಡುವ ರೈತನಿಗೂ ಇದೇ ನ್ಯಾಯ. ಕೊಳ್ಳುವ ವಸ್ತು ಇಂದ್ರಿಯಗಳಿಗೆ ಎಟಕುವವರೆಗೆ ಪ್ರತ್ಯಕ್ಷವೇ ಪ್ರಮಾಣ.

ಲ್ಯಾಪ್‌ಟಾಪ್ ಎಂಬ ಯಂತ್ರವು ಈ ನ್ಯಾಯಕ್ಕೆ ಒಗ್ಗುವುದಿಲ್ಲ. ಅಂಗಡಿಯ ದೀಪದ ಬೆಳಕಿನಲ್ಲಿ ಎಲ್ಲ ಪರದೆಗಳೂ ಹೊಳೆಯುತ್ತವೆ. ಒಳಗಿನ ಅಂಗಾಂಗಗಳು ಮುಚ್ಚಳದೊಳಗಿವೆ. ಬ್ಯಾಟರಿಯ ಬಾಳಿಕೆ, ಕೀಲಿನ ಗಟ್ಟಿತನ, ಕೀಲಿಮಣೆಯ ಸಹನೆ ಇವೆಲ್ಲ ಎರಡು ವರ್ಷ ಕಳೆದ ಮೇಲೆ ತಿಳಿಯುವ ಗುಣಗಳು. ಆದ್ದರಿಂದ ಕೊಳ್ಳುವವನು ಅನಿವಾರ್ಯವಾಗಿ ಪರರ ಮಾತನ್ನು ಆಶ್ರಯಿಸುತ್ತಾನೆ. ಆ ಮಾತು ಇಂದು ಬಹುಮಟ್ಟಿಗೆ ವೃತ್ತಿಪರ ವಿಮರ್ಶಕರಿಂದ ಬರುತ್ತಿದೆ: ಯಂತ್ರಗಳನ್ನು ತರಿಸಿಕೊಂಡು, ಕೆಲವು ದಿನ ಬಳಸಿ, ಅಂಕ ಕೊಟ್ಟು, ‘ಕೊಳ್ಳಿರಿ’ ಅಥವಾ ‘ಬೇಡ’ ಎಂದು ತೀರ್ಪು ನೀಡುವುದೇ ಉದ್ಯೋಗವಾದವರಿಂದ.

ಇದು ಸಣ್ಣ ವಿಷಯವೆಂದು ತಳ್ಳಿಹಾಕಲಾಗದು. ೨೦೨೫ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ ೩,೫೦೦ ರೂಪಾಯಿ ದರ ಕೇಳಿ ಧರಣಿ ಕುಳಿತರು. ಕೊನೆಗೆ ೩,೩೦೦ ರೂಪಾಯಿಯ ನಿರ್ಧಾರವಾಯಿತು. ೫೦,೦೦೦ ರೂಪಾಯಿಯ ಒಂದು ಲ್ಯಾಪ್‌ಟಾಪ್ ಎಂದರೆ ಆ ದರದಲ್ಲಿ ಹದಿನೈದು ಟನ್ ಕಬ್ಬು. ಇಂಜಿನಿಯರಿಂಗಿಗೆ ಸೇರಿದ ಮಗಳಿಗಾಗಿ ತಂದೆ ಕೊಡುವ ಹಣ ಅದು. ಬಸದಿಯ ಲೆಕ್ಕಪತ್ರಕ್ಕೋ ಪಾಠಶಾಲೆಗೋ ಕೊಳ್ಳುವಾಗಲಂತೂ ಅದು ಶ್ರಾವಕರ ಕಾಣಿಕೆ. ವಿಶ್ವಸ್ಥರದು ಕೇವಲ ಕಾವಲು. ಇಂಥ ಹಣವನ್ನು ಕಂಡರಿಯದ ವಿಮರ್ಶಕನೊಬ್ಬನ ಮಾತಿನ ಮೇಲೆ ಖರ್ಚು ಮಾಡುವುದು ಎಷ್ಟರಮಟ್ಟಿಗೆ ಯುಕ್ತ ಎಂಬುದು ವ್ಯವಹಾರದ ಪ್ರಶ್ನೆಯಷ್ಟೇ ಅಲ್ಲ, ವಿವೇಕದ ಪ್ರಶ್ನೆ. ಇದಕ್ಕೆ ಜೈನ ತರ್ಕಶಾಸ್ತ್ರವು ಬಹಳ ಹಿಂದೆಯೇ ಒಂದು ಅಳತೆಗೋಲನ್ನು ಸಿದ್ಧಪಡಿಸಿಟ್ಟಿದೆ.

ಹನ್ನೆರಡನೆಯ ಶತಮಾನದ ವಾದಿದೇವಸೂರಿಗಳು ಪ್ರಮಾಣನಯತತ್ತ್ವಾಲೋಕದಲ್ಲಿ ಆಪ್ತನ ಲಕ್ಷಣವನ್ನು ಎರಡು ಮಾತಿನಲ್ಲಿ ಮುಗಿಸುತ್ತಾರೆ. ವಸ್ತು ಇದ್ದಂತೆ ಅದನ್ನು ಅರಿತಿರಬೇಕು. ಅರಿತಂತೆ ಅದನ್ನು ನುಡಿಯಬೇಕು. ಆಪ್ತರಲ್ಲಿ ಲೌಕಿಕರು, ಲೋಕೋತ್ತರರು ಎಂಬ ಎರಡು ಬಗೆಗಳನ್ನೂ ಅವರು ಹೇಳಿದ್ದಾರೆ. ತೀರ್ಥಂಕರರು ಲೋಕೋತ್ತರ ಆಪ್ತರು. ತಂದೆ ಮೊದಲಾದವರು ಲೌಕಿಕ ಆಪ್ತರು. ವ್ಯಾಪಾರದ ವಸ್ತುವನ್ನು ತೂಗುವ ವಿಮರ್ಶಕನನ್ನು ಮೊದಲನೆಯ ಸಾಲಿನ ಹತ್ತಿರಕ್ಕೂ ತರುವ ಉದ್ದೇಶ ಇಲ್ಲಿಲ್ಲ. ಅವನು ಎರಡನೆಯ ಸಾಲಿಗಾದರೂ ಸಲ್ಲುವನೇ ಎಂಬುದಷ್ಟೇ ವಿಚಾರ. ಅದಕ್ಕೆ ಎರಡು ಪರೀಕ್ಷೆಗಳು ಸಾಕು: ಒಂದು ಅರಿವಿನ ಪರೀಕ್ಷೆ, ಮತ್ತೊಂದು ನುಡಿಯ ಪರೀಕ್ಷೆ.

ಈ ಪರೀಕ್ಷೆಗಳಿಗೆ ಹೋಗುವ ಮುನ್ನ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯ ಆರಂಭದಲ್ಲಿಯೇ, ದೇವತೆಗಳ ಆಗಮನ, ಆಕಾಶಗಮನ, ಚಾಮರವೇ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಂಡುಬರುವುದರಿಂದ ಹಿರಿಮೆಗೆ ಅವು ಕಾರಣವಾಗಲಾರವೆಂಬ ನಿಲುವನ್ನು ತಳೆಯುತ್ತಾರೆ. ತಾವು ಪೂಜಿಸುವ ಜಿನನ ವಿಷಯದಲ್ಲಿಯೇ ವೈಭವವನ್ನು ಪ್ರಮಾಣವೆಂದು ಒಪ್ಪದ ಪರಂಪರೆಯಿದು. ಅಂಥ ಪರಂಪರೆಯಲ್ಲಿ ಹುಟ್ಟಿದವರು ವಿಮರ್ಶಕನಿಗೆ ಲಕ್ಷಾಂತರ ಅನುಯಾಯಿಗಳಿದ್ದಾರೆ, ಅವನ ಚಿತ್ರಶಾಲೆ ಝಗಝಗಿಸುತ್ತದೆ, ಅವನ ಇಂಗ್ಲಿಷ್ ನಿರರ್ಗಳವಾಗಿದೆ ಎಂಬ ಕಾರಣಗಳಿಗೆ ತಲೆದೂಗಿದರೆ ಅದು ವಿಪರ್ಯಾಸವಲ್ಲದೆ ಮತ್ತೇನು?

ಮೊದಲು ಅರಿವಿನ ಪರೀಕ್ಷೆ. ಹೊಸ ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬರುವ ಕೆಲವು ದಿನಗಳ ಮೊದಲು ತಯಾರಕರು ಅದರ ಮಾದರಿಗಳನ್ನು ವಿಮರ್ಶಕರಿಗೆ ಕಳುಹಿಸುತ್ತಾರೆ. ಇಂಥ ದಿನದ ಇಂಥ ಗಂಟೆಯವರೆಗೆ ಏನನ್ನೂ ಪ್ರಕಟಿಸಕೂಡದೆಂಬ ಕರಾರು ಇರುತ್ತದೆ. ಗಡುವು ಮುಗಿದ ಕ್ಷಣದಲ್ಲಿ ಎಲ್ಲರ ವಿಮರ್ಶೆಗಳೂ ಒಟ್ಟಿಗೆ ಹೊರಬರುತ್ತವೆ. ತಡವಾದರೆ ಓದುಗರು ಇರುವುದಿಲ್ಲವಾದ್ದರಿಂದ ತಿಂಗಳುಗಟ್ಟಲೆ ಬಳಸಿ ನೋಡುವ ವ್ಯವಧಾನ ಯಾರಿಗೂ ಇಲ್ಲ. ಆದ್ದರಿಂದ ಪ್ರಾಮಾಣಿಕನಾದ ವಿಮರ್ಶಕನೂ ಅರಿಯಬಲ್ಲದ್ದು ಯಂತ್ರದ ಬಾಲ್ಯವನ್ನು ಮಾತ್ರ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ಆಪಲ್ ಸಂಸ್ಥೆಯು ೨೦೧೫ರಲ್ಲಿ ತನ್ನ ಹನ್ನೆರಡು ಇಂಚಿನ ಮ್ಯಾಕ್‌ಬುಕ್‌ನಲ್ಲಿ ‘ಚಿಟ್ಟೆ’ ಎಂಬ ಹೆಸರಿನ ಹೊಸ ಬಗೆಯ ತೆಳುವಾದ ಕೀಲಿಮಣೆಯನ್ನು ತಂದಿತು. ಮರುವರ್ಷ ಅದನ್ನು ಮ್ಯಾಕ್‌ಬುಕ್ ಪ್ರೋಗೂ ಅಳವಡಿಸಿತು. ಒತ್ತಿದಾಗ ಸಿಗುವ ಅನುಭವ ಹೇಗಿದೆ ಎಂಬ ಬಗ್ಗೆ ಆಗಿನ ವಿಮರ್ಶೆಗಳು ಪುಟಗಟ್ಟಲೆ ಚರ್ಚಿಸಿದವು. ಆದರೆ ಸಣ್ಣ ಧೂಳಿನ ಕಣ ಸೇರಿದರೆ ಕೀಲಿ ಕಚ್ಚಿಕೊಳ್ಳುವುದೂ, ಒಂದೇ ಅಕ್ಷರ ಎರಡೆರಡು ಸಲ ಮೂಡುವುದೂ ಬಳಕೆದಾರರಿಗೆ ತಿಳಿದದ್ದು ತಿಂಗಳುಗಳ ಮೇಲೆ. ೨೦೧೮ರ ಜೂನಿನಲ್ಲಿ ಆಪಲ್ ಉಚಿತ ದುರಸ್ತಿಯ ಯೋಜನೆಯನ್ನು ಪ್ರಕಟಿಸಬೇಕಾಯಿತು. ೨೦೨೨ರಲ್ಲಿ ಅಮೆರಿಕದ ಮೊಕದ್ದಮೆಯೊಂದರಲ್ಲಿ ೫ ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಮೊದಲ ವಾರದ ವಿಮರ್ಶಕರು ಸುಳ್ಳು ಹೇಳಿರಲಿಲ್ಲ. ಕಾಲವು ಇನ್ನೂ ತೋರಿಸದ ದೋಷವನ್ನು ಅವರು ಕಂಡಿರಲಿಲ್ಲ, ಅಷ್ಟೆ.

ಮೈಕ್ರೋಸಾಫ್ಟ್‌ನ ಸರ್ಫೇಸ್ ಯಂತ್ರಗಳ ಪ್ರಸಂಗವು ಇದನ್ನೇ ಇನ್ನೊಂದು ಬದಿಯಿಂದ ತೋರಿಸುತ್ತದೆ. ಅಮೆರಿಕದ ಗ್ರಾಹಕ ಸಂಸ್ಥೆಯಾದ ಕನ್ಸ್ಯೂಮರ್ ರಿಪೋರ್ಟ್ಸ್ ತನ್ನ ಪ್ರಯೋಗಾಲಯದಲ್ಲಿ ಅವುಗಳಲ್ಲಿ ಕೆಲವಕ್ಕೆ ಒಳ್ಳೆಯ ಅಂಕ ಕೊಟ್ಟಿತ್ತು. ಆದರೆ ೨೦೧೭ರ ಆಗಸ್ಟಿನಲ್ಲಿ, ಸುಮಾರು ೯೦,೦೦೦ ಲ್ಯಾಪ್‌ಟಾಪ್ ಮತ್ತು ಟ್ಯಾಬ್ಲೆಟ್‌ಗಳ ಬಳಕೆದಾರರಿಂದ ಸಂಗ್ರಹಿಸಿದ ಮಾಹಿತಿಯ ಆಧಾರದ ಮೇಲೆ, ಆ ಯಂತ್ರಗಳಲ್ಲಿ ನೂರಕ್ಕೆ ೨೫ ಎರಡನೆಯ ವರ್ಷದ ಕೊನೆಯೊಳಗೆ ತೊಂದರೆ ಕೊಡಬಹುದೆಂದು ಅಂದಾಜಿಸಿ ತನ್ನ ಶಿಫಾರಸನ್ನು ಹಿಂತೆಗೆದುಕೊಂಡಿತು. ಮೈಕ್ರೋಸಾಫ್ಟ್ ಅದನ್ನು ಒಪ್ಪಲಿಲ್ಲ. ಮುಂದಿನ ವರ್ಷದ ಮಾಹಿತಿ ಉತ್ತಮವಾಗಿ ಬಂದಾಗ, ೨೦೧೮ರಲ್ಲಿ, ಸಂಸ್ಥೆಯು ತನ್ನ ಶಿಫಾರಸನ್ನು ಮತ್ತೆ ನೀಡಿತು. ಪ್ರಯೋಗಾಲಯದ ಅಂಕವೂ ನಿಜ, ಬಳಕೆದಾರರ ಅಳಲೂ ನಿಜ. ಎರಡೂ ಒಂದೇ ವಸ್ತುವನ್ನು ಬೇರೆ ಬೇರೆ ನಯಗಳಿಂದ ಕಂಡ ಮಾತುಗಳು. ತನ್ನ ನಯವೊಂದನ್ನೇ ಹಿಡಿದು ಉಳಿದುದನ್ನು ಅಲ್ಲಗಳೆದಾಗ ಮಾತ್ರ ಅದು ದುರ್ನಯವಾಗುತ್ತದೆ.

ನಯವೆಂದರೆ ನಿಂತ ನೆಲೆ. ಅಳತೆಯ ಸಂಖ್ಯೆಗಳಿಗೂ ಒಂದು ನೆಲೆ ಇರುತ್ತದೆಂಬುದು ೨೦೧೬ರ ಡಿಸೆಂಬರಿನಲ್ಲಿ ಸ್ಪಷ್ಟವಾಯಿತು. ಅದೇ ಸಂಸ್ಥೆಯು ಹೊಸ ಮ್ಯಾಕ್‌ಬುಕ್ ಪ್ರೋ ಒಂದರ ಬ್ಯಾಟರಿಯನ್ನು ಮೂರು ಸಲ ಪರೀಕ್ಷಿಸಿದಾಗ ಮೊದಲ ಸಲ ೧೬ ಗಂಟೆ, ಎರಡನೆಯ ಸಲ ೧೨.೭೫ ಗಂಟೆ, ಮೂರನೆಯ ಸಲ ೩.೭೫ ಗಂಟೆ ಬಂದಿತು. ಸಂಸ್ಥೆಯು ಯಂತ್ರವನ್ನು ಶಿಫಾರಸು ಮಾಡಲಿಲ್ಲ. ಪರೀಕ್ಷೆಗಾಗಿ ಬದಲಿಸಿಟ್ಟಿದ್ದ, ಸಾಮಾನ್ಯರು ಮುಟ್ಟದ ಒಂದು ವ್ಯವಸ್ಥೆಯಿಂದ ತಂತ್ರಾಂಶದ ದೋಷವೊಂದು ಎಚ್ಚೆತ್ತಿತ್ತೆಂದು ಆಮೇಲೆ ತಿಳಿಯಿತು. ಆಪಲ್ ಅದನ್ನು ತಿದ್ದಿದ ಮೇಲೆ, ೨೦೧೭ರ ಜನವರಿಯಲ್ಲಿ, ಮರುಪರೀಕ್ಷೆ ನಡೆಸಿ ಸಂಸ್ಥೆಯು ತನ್ನ ತೀರ್ಪನ್ನು ಬದಲಿಸಿ ಅದನ್ನು ಬಹಿರಂಗವಾಗಿ ಹೇಳಿತು. ಇಲ್ಲಿ ಎರಡು ಪಾಠಗಳಿವೆ. ‘ಇಷ್ಟು ಗಂಟೆ’ ಎಂಬ ಮಾತು ‘ಇಂಥ ಸಂದರ್ಭದಲ್ಲಿ ಇಷ್ಟು ಗಂಟೆ’ ಎಂದೇ ಓದಿಕೊಳ್ಳತಕ್ಕದ್ದು. ತಾನು ಹೇಗೆ ಅಳೆದೆನೆಂದು ತಿಳಿಸುವ, ತಪ್ಪಿದಾಗ ತಿದ್ದಿಕೊಳ್ಳುವ ವಿಮರ್ಶಕನೇ ನಂಬಿಕೆಗೆ ಹತ್ತಿರದವನು. ‘ಸ್ಯಾತ್’ ಎಂಬ ಪದದ ಅರ್ಥ ಸಂಶಯವಲ್ಲ, ನಿರ್ದಿಷ್ಟತೆ ಎಂದು ಹಿರಿಯರು ಪದೇ ಪದೇ ತಿಳಿಹೇಳಿದ್ದು ಇಂಥ ಎಡೆಗಾಗಿಯೇ.

ಈ ನೆಲೆಯ ವಿಚಾರವನ್ನು ಘಟಪ್ರಭೆಯ ದಂಡೆಗೆ ತಂದು ನೋಡಬಹುದು. ವಿಮರ್ಶಕನ ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ತಂಪಾದ ಕೋಣೆಯಲ್ಲಿ. ಹಲವು ತಯಾರಕರ ಕೈಪಿಡಿಗಳು ಯಂತ್ರವನ್ನು ೩೫ ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣದಲ್ಲಿ ಬಳಸಬೇಕೆನ್ನುತ್ತವೆ. ಗೋಕಾಕ, ಮೂಡಲಗಿಗಳ ಚೈತ್ರ ವೈಶಾಖದ ಮಧ್ಯಾಹ್ನ ಆ ಗೆರೆಯನ್ನು ದಾಟುತ್ತದೆ. ಬಿಸಿಯೇರಿದ ಸಂಸ್ಕಾರಕವು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯು ಬಿಸಿಯಲ್ಲಿ ಬೇಗ ಸವೆಯುತ್ತದೆ. ಕಬ್ಬು ನುರಿಯುವ ಹಂಗಾಮಿನಲ್ಲಿ ರವದಿ ಸುಟ್ಟ ಮಸಿ ಮನೆಯ ಅಂಗಳಕ್ಕೆ ಬೀಳುತ್ತದೆ. ಯಂತ್ರದ ಗಾಳಿಕಿಂಡಿಗೂ ಬೀಳುತ್ತದೆ. ಯಂತ್ರ ಕೆಟ್ಟಾಗ ಅಧಿಕೃತ ಸೇವಾಕೇಂದ್ರವು ಬೆಳಗಾವಿಯಲ್ಲಿದ್ದರೆ ಮೂಡಲಗಿಯವರಿಗೆ ಒಂದು ದಿನದ ದುಡಿಮೆ ಹೋದಂತೆ. ಇವು ಯಾವುದೂ ವಿಮರ್ಶೆಯ ಅಂಕಪಟ್ಟಿಯಲ್ಲಿ ಇರುವುದಿಲ್ಲ.

ಭಾಷೆಯ ವಿಷಯವಂತೂ ಇನ್ನೂ ದೂರ. ಬಸದಿಯ ಆಮಂತ್ರಣಪತ್ರ, ಪೂಜೆಯ ಪಟ್ಟಿ, ಹಳೆಯ ಠರಾವುಗಳು ಎಷ್ಟೋ ಕಡೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧವಾಗಿವೆ. ಅವು ವಿಂಡೋಸ್ ವ್ಯವಸ್ಥೆಗಾಗಿ ರೂಪುಗೊಂಡ ತಂತ್ರಾಂಶಗಳು. ‘ಅಗ್ಗದಲ್ಲಿ ಅತ್ಯುತ್ತಮ’ ಎಂದು ವಿದೇಶದ ವಿಮರ್ಶಕನು ಹೊಗಳಿದ ಕ್ರೋಮ್‌ಬುಕ್ಕನ್ನು ತಂದ ಟ್ರಸ್ಟಿಗೆ ತನ್ನ ಹಳೆಯ ಕಡತಗಳನ್ನು ತೆರೆಯುವುದೇ ಕಷ್ಟವಾಗಬಹುದು. ವಿಮರ್ಶಕನ ತಪ್ಪು ಇದರಲ್ಲಿಲ್ಲ. ಅವನು ಕೇಳದ ಪ್ರಶ್ನೆಗೆ ಅವನಿಂದ ಉತ್ತರ ಬಯಸಿದವರದೇ ತಪ್ಪು.

ಅರಿವಿನ ಕೊರತೆಗೆ ಮತ್ತೊಂದು ಕಾರಣ ಹೆಸರಿನ ಮೋಸ. ಒಂದೇ ಹೆಸರಿನ ಲ್ಯಾಪ್‌ಟಾಪ್ ಹಲವು ಒಳಾಂಗಗಳೊಡನೆ ಮಾರಾಟವಾಗುತ್ತದೆ. ವಿಮರ್ಶೆಗೆ ಹೋದದ್ದು ಒಳ್ಳೆಯ ಪರದೆ, ಹೆಚ್ಚಿನ ಸ್ಮೃತಿ, ವೇಗದ ಸಂಸ್ಕಾರಕ ಉಳ್ಳ ಮೇಲ್ದರ್ಜೆಯ ರೂಪವಾಗಿರಬಹುದು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದು ಅದೇ ಹೆಸರಿನ ಬಡ ರೂಪ. ಆದ್ದರಿಂದ ಹೆಸರನ್ನಲ್ಲ, ಪೆಟ್ಟಿಗೆಯ ಮೇಲೆ ಅಚ್ಚಾದ ಪೂರ್ಣ ಮಾದರಿ ಸಂಖ್ಯೆಯನ್ನು ಹೋಲಿಸಿ ನೋಡಬೇಕು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಅಚೌರ್ಯವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕವ್ಯವಹಾರ’ವನ್ನು, ಎಂದರೆ ಒಳ್ಳೆಯದರಂತೆ ಕಾಣುವ ಕೀಳುವಸ್ತುವಿನ ವ್ಯಾಪಾರವನ್ನು, ಸೇರಿಸಿದ್ದಾರೆ. ಕಾನೂನಿನಲ್ಲಿ ಇದು ತಪ್ಪಲ್ಲದಿರಬಹುದು. ಕೊಳ್ಳುವವನನ್ನು ಕತ್ತಲೆಯಲ್ಲಿಟ್ಟು ನಡೆದ ಮಾರಾಟವು ಆ ಅತಿಚಾರದ ನೆರಳಿನಲ್ಲಿಯೇ ಇದೆ.

ಇನ್ನು ನುಡಿಯ ಪರೀಕ್ಷೆ. ಅರಿತವನು ಅರಿತಂತೆ ನುಡಿಯಲು ರಾಗದ್ವೇಷಗಳು ಅಡ್ಡ ಬರಬಾರದು. ಇಲ್ಲಿ ರಾಗಕ್ಕೆ ಹಲವು ಬಾಗಿಲುಗಳಿವೆ. ತಯಾರಕನು ಯಂತ್ರವನ್ನು ಕಡವಾಗಿ ಕೊಡುತ್ತಾನೆ. ಕಟುವಾಗಿ ಬರೆದವನಿಗೆ ಮುಂದಿನ ಯಂತ್ರ ಸಿಗದೆ ಹೋಗಬಹುದು. ವಿಮರ್ಶೆಯ ಪಕ್ಕದಲ್ಲಿಯೇ ಅದೇ ತಯಾರಕನ ಜಾಹೀರಾತು ಇರುತ್ತದೆ. ವಿಮರ್ಶೆಯ ಕೊನೆಯಲ್ಲಿ ಅಂಗಡಿಗೆ ಹೋಗುವ ಕೊಂಡಿಯಿದ್ದು, ಅದರ ಮೂಲಕ ಕೊಂಡ ಪ್ರತಿಯೊಂದು ಯಂತ್ರಕ್ಕೂ ವಿಮರ್ಶಕನಿಗೆ ದಲಾಲಿ ಸಲ್ಲುತ್ತದೆ. ‘ಕೊಳ್ಳಿರಿ’ ಎಂದರೆ ಹಣ, ‘ಬೇಡ’ ಎಂದರೆ ಬರಿಗೈ. ಅಡತಿ ಅಂಗಡಿಯ ವ್ಯವಹಾರ ತಿಳಿದ ಈ ಭಾಗದವರಿಗೆ ದಲಾಲಿಯ ಮಾತಿಗೆ ಎಷ್ಟು ಬೆಲೆ ಎಂಬುದನ್ನು ವಿವರಿಸಬೇಕಾಗಿಲ್ಲ.

೨೦೦೬ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಮತ್ತು ಎಎಂಡಿ ಸಂಸ್ಥೆಗಳು ವಿಂಡೋಸ್ ವಿಸ್ತಾ ಅಳವಡಿಸಿದ ಏಸರ್ ಫೆರಾರಿ ಎಂಬ ದುಬಾರಿ ಲ್ಯಾಪ್‌ಟಾಪ್‌ಗಳನ್ನು ಅಂತರಜಾಲದ ಹಲವು ಬರಹಗಾರರಿಗೆ ಕಳುಹಿಸಿದವು. ಇದು ಪರೀಕ್ಷೆಗೆ ಕೊಟ್ಟದ್ದೋ ಉಡುಗೊರೆಯೋ ಎಂಬ ವಿವಾದ ಎದ್ದಾಗ, ಕೆಲಸ ಮುಗಿದ ಮೇಲೆ ಅದನ್ನು ಹಿಂದಿರುಗಿಸಿರಿ ಅಥವಾ ಬೇರೆಯವರಿಗೆ ಕೊಟ್ಟುಬಿಡಿರಿ ಎಂದು ಮೈಕ್ರೋಸಾಫ್ಟ್ ಕೇಳಿಕೊಂಡಿತು. ಪಡೆದವರಲ್ಲಿ ಪ್ರಾಮಾಣಿಕರೂ ಇದ್ದಿರಬಹುದು. ಆದರೆ ಕೈಯಲ್ಲಿ ಉಡುಗೊರೆ ಹಿಡಿದವನ ನಾಲಗೆ ತಾನೇ ಅರಿಯದಂತೆ ಮೆತ್ತಗಾಗುತ್ತದೆ. ಉಮಾಸ್ವಾಮಿಗಳು ಸತ್ಯವ್ರತದ ಅತಿಚಾರಗಳಲ್ಲಿ ಮೊದಲಿಗೆ ಹೇಳಿದ್ದು ‘ಮಿಥ್ಯೋಪದೇಶ’. ಅದೇ ಪಟ್ಟಿಯಲ್ಲಿ ‘ಕೂಟಲೇಖಕ್ರಿಯೆ’ಯೂ ಇದೆ. ಹಣ ಪಡೆದು ಅದನ್ನು ಮರೆಮಾಚಿ ಬರೆದ ವಿಮರ್ಶೆಯು ಏಕಕಾಲಕ್ಕೆ ಈ ಎರಡೂ ಆಗುತ್ತದೆ: ತಪ್ಪುದಾರಿಯ ಉಪದೇಶವೂ ಹೌದು, ಖೊಟ್ಟಿ ದಸ್ತಾವೇಜೂ ಹೌದು.

ಎಲ್ಲ ವಿಮರ್ಶಕರೂ ಹೀಗೆಯೇ ಎಂದು ಹೇಳುವುದು ಮತ್ತೊಂದು ಏಕಾಂತವಾದೀತು. ಕನ್ಸ್ಯೂಮರ್ ರಿಪೋರ್ಟ್ಸ್‌ನ ಮೂಲಸಂಸ್ಥೆಯು ೧೯೩೬ರಲ್ಲಿ ಹುಟ್ಟಿದ್ದೇ ತಯಾರಕರ ಹಂಗಿಲ್ಲದ ಪರೀಕ್ಷೆಗಾಗಿ. ಅದು ಜಾಹೀರಾತು ಸ್ವೀಕರಿಸದೆ, ಯಂತ್ರಗಳನ್ನು ಅಂಗಡಿಯಿಂದ ಸಾಮಾನ್ಯ ಗಿರಾಕಿಯಂತೆ ಕೊಂಡು ಪರೀಕ್ಷಿಸುತ್ತದೆ. ೧೯೫೭ರಲ್ಲಿ ಇಂಗ್ಲೆಂಡಿನಲ್ಲಿ ‘ವಿಚ್’ ಪತ್ರಿಕೆ ಇದೇ ದಾರಿ ಹಿಡಿಯಿತು. ಭಾರತದಲ್ಲಿ ದಿಲ್ಲಿಯ ‘ವಾಯ್ಸ್’ ಗ್ರಾಹಕ ಸಂಘಟನೆ ೧೯೮೩ರಲ್ಲಿ ಪ್ರಾರಂಭವಾಯಿತು. ಸರಕಾರವೂ ಕಣ್ಣು ತೆರೆದಿದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ರಚಿತವಾದ ಕೇಂದ್ರ ಪ್ರಾಧಿಕಾರವು ೨೦೨೨ರ ಜೂನಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವಸ್ತುವನ್ನು ಹೊಗಳುವವನು ತಯಾರಕನೊಡನೆ ತನಗಿರುವ ಸಂಬಂಧವನ್ನು ತಿಳಿಸಲೇಬೇಕು. ೨೦೨೩ರ ಜನವರಿಯ ಸೂಚನೆಯಂತೆ, ಹೊಗಳಿಕೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಆ ಪ್ರಕಟಣೆಯೂ ಇರಬೇಕು. ಎಂದರೆ ಕನ್ನಡದಲ್ಲಿ ಹೊಗಳಿದವನು ಕನ್ನಡದಲ್ಲಿಯೇ ಒಪ್ಪಿಕೊಳ್ಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ ೧೦ ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ ೫೦ ಲಕ್ಷದವರೆಗೆ ದಂಡ ವಿಧಿಸಬಹುದು. ಗ್ರಾಹಕರು ಬರೆಯುವ ಅಭಿಪ್ರಾಯಗಳ ಬಗ್ಗೆ ಭಾರತೀಯ ಮಾನಕ ಸಂಸ್ಥೆಯು ೨೦೨೨ರ ನವೆಂಬರಿನಲ್ಲಿ ಒಂದು ಮಾನಕವನ್ನು ಹೊರತಂದಿತು; ಅದು ಸ್ವಯಂಪ್ರೇರಿತ ಪಾಲನೆಗಾಗಿ.

ವಿಮರ್ಶೆಯೇ ಬೇಡ, ಪರಿಚಯದ ಅಂಗಡಿಯವನ ಮಾತು ಸಾಕು ಎನ್ನುವವರೂ ಇದ್ದಾರೆ. ಅಂಗಡಿಯವನಿಗೆ ಲಾಭವಿದೆ, ಅವನ ಬಳಿ ಇರುವುದನ್ನೇ ಅವನು ಹೊಗಳಬಲ್ಲ. ನೆಂಟನ ಮಾತಿನಲ್ಲಿ ಲೋಭವಿಲ್ಲ, ಆದರೆ ಅವನು ಕಂಡದ್ದು ಒಂದೇ ಯಂತ್ರವನ್ನು. ವಿಮರ್ಶಕನು ಹತ್ತಾರು ಯಂತ್ರಗಳನ್ನು ಒಂದೇ ಅಳತೆಯಿಂದ ಅಳೆದಿರುತ್ತಾನೆ. ಪರದೆಯ ಬೆಳಕು, ತೂಕ, ಸದ್ದು, ಬಿಸಿ ಇವುಗಳ ಬಗ್ಗೆ ಅವನಷ್ಟು ಖಚಿತವಾಗಿ ಹೇಳಬಲ್ಲವರು ಬೇರೆ ಇಲ್ಲ. ಹೀಗಾಗಿ ವಿಮರ್ಶಕನು ಆಪ್ತನಲ್ಲ, ಸಾಕ್ಷಿ ಎಂಬ ನಿರ್ಣಯ ಯುಕ್ತವಾದುದು. ಸಾಕ್ಷಿಯನ್ನು ಕರೆಯಬೇಕು, ಅವನು ಕಂಡದ್ದನ್ನು ಕೇಳಬೇಕು, ಯಾರು ಅವನನ್ನು ಕರೆತಂದರೆಂದು ವಿಚಾರಿಸಬೇಕು. ತೀರ್ಪನ್ನು ಮಾತ್ರ ಅವನ ಕೈಗೆ ಕೊಡಲಾಗದು. ಅವನು ಅಳೆದದ್ದನ್ನು ನಂಬಬಹುದು; ಅವನು ಇಷ್ಟಪಟ್ಟದ್ದನ್ನು ತೂಗಿ ನೋಡಬೇಕು; ಅವನು ಭವಿಷ್ಯ ನುಡಿದದ್ದನ್ನು ಬದಿಗಿಡಬೇಕು.

ಇಲ್ಲಿಗೆ ವಿಚಾರ ಮುಗಿಯುವುದಿಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರರು ಆಪ್ತನಿಗೆ ನಿರ್ದೋಷತೆ, ಸರ್ವಜ್ಞತೆಗಳೊಡನೆ ಹಿತೋಪದೇಶವೆಂಬ ಲಕ್ಷಣವನ್ನೂ ಹೇಳಿದ್ದಾರೆ. ಅಲ್ಲಿ ಉದ್ದೇಶಿತವಾದುದು ಮೋಕ್ಷಮಾರ್ಗದ ಹಿತ. ಆದರೂ ಈ ಶಬ್ದವು ಲ್ಯಾಪ್‌ಟಾಪಿನ ವಿಮರ್ಶೆಯೆಂಬ ಬರವಣಿಗೆಯ ಒಂದು ಮೂಲ ಕೊರತೆಯನ್ನು ಎತ್ತಿ ತೋರಿಸುತ್ತದೆ. ಆ ಬರವಣಿಗೆಯು ಇದಕ್ಕಿಂತ ಅದು ಮೇಲು ಎನ್ನುತ್ತದೆ. ಎರಡೂ ಬೇಡ, ಮನೆಯಲ್ಲಿರುವುದೇ ಸಾಕು ಎನ್ನುವುದು ಬಹಳ ಅಪರೂಪ. ಐದು ವರ್ಷದ ಯಂತ್ರವೊಂದು ಹೊಸ ಬ್ಯಾಟರಿ, ಸ್ವಲ್ಪ ಹೆಚ್ಚಿನ ಸ್ಮೃತಿ, ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಪಡೆದರೆ ಬಸದಿಯ ಜಮಾಖರ್ಚಿಗೆ ಇನ್ನೂ ಮೂರು ವರ್ಷ ಸಾಕಾಗಬಹುದು. ಪರಿಗ್ರಹ ಪರಿಮಾಣವನ್ನು ಅಣುವ್ರತವಾಗಿ ಸ್ವೀಕರಿಸಿದ ಸಮಾಜಕ್ಕೆ ‘ಯಾವುದು’ ಎಂಬ ಪ್ರಶ್ನೆಗಿಂತ ‘ಬೇಕೆ’ ಎಂಬ ಪ್ರಶ್ನೆ ಮೊದಲು ಬರಬೇಕು. ಅದನ್ನು ಕೇಳುವ ವಿಮರ್ಶಕನಿಗೆ ದಲಾಲಿ ಸಿಗುವುದಿಲ್ಲವಾದ್ದರಿಂದ, ಅದನ್ನು ಕೊಳ್ಳುವವನೇ ಕೇಳಿಕೊಳ್ಳಬೇಕು.

ಟ್ರಸ್ಟುಗಳ ಹೊಣೆ ಇನ್ನೂ ಹೆಚ್ಚಿನದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಲ್ಲಿಯೂ ಕರ್ಮಾಸ್ರವವೆಂದು ಒಪ್ಪಿದವರು, ‘ಹಾಗೆ ವಿಮರ್ಶೆಯಲ್ಲಿ ಬರೆದಿತ್ತು’ ಎಂಬ ಮಾತಿನ ಹಿಂದೆ ಅಡಗಲಾಗದು. ಓದದೆ, ವಿಚಾರಿಸದೆ ಮುಂದೆ ದಾಟಿಸಿದ ಶಿಫಾರಸು ಅನುಮೋದನೆಯೇ ಆಗುತ್ತದೆ. ಕೆಲಸ ಯಾವುದು, ಯಾವ ತಂತ್ರಾಂಶ ನಡೆಯಬೇಕು, ಯಾರು ಬಳಸುವರು, ದುರಸ್ತಿ ಎಲ್ಲಿ ಎಂಬ ನಾಲ್ಕು ಮಾತುಗಳನ್ನು ಮೊದಲು ಬರೆದಿಡುವುದು ಒಳ್ಳೆಯದು. ಪರಸ್ಪರ ಸಂಬಂಧವಿಲ್ಲದ ಎರಡು ಮೂರು ವಿಮರ್ಶೆಗಳನ್ನು, ಅದರಲ್ಲಿಯೂ ಬಿಡುಗಡೆಯಾಗಿ ಆರು ತಿಂಗಳಾದ ಮೇಲೆ ಬಂದುದನ್ನು, ಓದಿ ನೋಡಿ, ಎರಡು ಅಂಗಡಿಗಳ ಕೊಟೇಶನ್ ತರಿಸಿ, ಕಾರಣಸಹಿತ ಠರಾವು ಮಾಡಿದರೆ ಶ್ರಾವಕರ ಮುಂದೆ ಲೆಕ್ಕ ಒಪ್ಪಿಸಲು ಅಳುಕಬೇಕಾಗಿಲ್ಲ. ವಸ್ತು ಹೇಳಿದಂತೆ ಇರದಿದ್ದರೆ ಕುಟುಂಬಗಳು ೧೯೧೫ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು. ೨೦೧೯ರ ಕಾಯಿದೆಯು ಗ್ರಾಹಕನಿಗೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸುವ ಅವಕಾಶ ಕೊಟ್ಟಿದೆ.

ಹುಕ್ಕೇರಿಯ ಜನ ೧೯೬೯ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಕಂಡವರು. ಬಳಸುವವರೇ ಒಟ್ಟುಗೂಡಿ ತಮ್ಮ ವ್ಯವಹಾರವನ್ನು ನೋಡಿಕೊಳ್ಳುವ ರೂಢಿ ಈ ನಾಡಿಗೆ ಹೊಸದಲ್ಲ. ಪ್ರತಿಯೊಂದು ಬಸದಿಯ ಟ್ರಸ್ಟೂ, ಪಾಠಶಾಲೆಯೂ ತಾನು ಕೊಂಡ ಯಂತ್ರದ ಮಾದರಿ ಸಂಖ್ಯೆ, ಬೆಲೆ, ಎರಡು ವರ್ಷದಲ್ಲಿ ಬಂದ ತೊಂದರೆ, ದುರಸ್ತಿಗೆ ಹಿಡಿದ ದಿನಗಳು ಇಷ್ಟನ್ನು ಒಂದು ಪುಟದಲ್ಲಿ ಇದ್ದಂತೆ ಬರೆದಿಟ್ಟು ನೆರೆಯ ಊರಿನವರಿಗೆ ತೋರಿಸಿದರೆ, ಗೋಕಾಕದ ಬಿಸಿಲನ್ನೂ ಮೂಡಲಗಿಯ ಧೂಳನ್ನೂ ಬಲ್ಲ, ಯಾರಿಂದಲೂ ದಲಾಲಿ ಪಡೆಯದ ವಿಮರ್ಶೆಯೊಂದು ತಾನಾಗಿಯೇ ಸಿದ್ಧವಾಗುತ್ತದೆ. ವಸ್ತುವನ್ನು ಇದ್ದಂತೆ ಅರಿತು, ಅರಿತಂತೆ ನುಡಿಯುವ ಲೌಕಿಕ ಆಪ್ತನು ದೂರದ ಚಿತ್ರಶಾಲೆಯಲ್ಲಿಯೇ ಇರಬೇಕೆಂದಿಲ್ಲ. ಬಸದಿಯ ಕಚೇರಿಯ ಒಂದು ವಹಿಯಲ್ಲಿಯೂ ಅವನ ಮಾತು ದೊರೆಯಬಹುದು.